ಅಡ್ಡ ನಿಂತವರೇ ಒಯ್ಯಬೇಕು

ಹೋದ ತಿಂಗಳು ಒಂದು ಬೆಳಿಗ್ಗೆ ಖಾನಾಪುರದಿಂದ ಕಾಕೂನ ಮಗಳ ಫೋನು ಬಂತು. "ವಕೀಲ್ ಮಾಮಾ, ಅವ್ವ ಹೋದ್ಲ್ರಿ" ಎಂದಳು. ಕೋರ್ಟಿನಲ್ಲಿದ್ದ ಎರಡು ಕೇಸಿಗೆ ತಾರೀಖು ಕೇಳಿ ನಾನು ಖಾನಾಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಮಾತ್ರ ಮಂದಿ ಕರಗಿರಲಿಲ್ಲ. ಕಣಕುಂಬಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದವರೇ ಮೂವತ್ತು ನಲವತ್ತು ಜನ ಇದ್ದರು. ದಪ್ಪ ಮೀಸೆಯ ಒಬ್ಬ ಗಂಡಸು ಗೋಡೆಗೆ ಒರಗಿ ಕೂತು ಅಳುತ್ತಿದ್ದ. ನಿಮಗೆ ಏನಾಗಬೇಕು ಎಂದು ಕೇಳಿದೆ. "ಏನೂ ಆಗಬೇಕಿಲ್ರಿ. ನನ್ನ ಹುಟ್ಟಿಸಿದಾಕಿ" ಎಂದ.

ಕಾಕೂನ ಹೆಸರನ್ನು ಬರೆಯುವುದಿಲ್ಲ. ಬರೆದರೂ ಮಹಾಂತೇಶ ನಗರದ ನಮ್ಮ ಓಣಿಯವರಿಗೆ ಅದು ಯಾರು ಎಂದು ತಿಳಿಯುವುದಿಲ್ಲ. ಹಾಲಿನವನಿಂದ ಹಿಡಿದು ನನ್ನ ಹೆಂಡತಿಯವರೆಗೆ ಎಲ್ಲರಿಗೂ ಅವರು ಕಾಕೂ, ಅವರ ಯಜಮಾನರು ಕಾಕಾ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಒಂದೇ ಕಂಪೌಂಡ್ ಗೋಡೆಯ ಆ ಕಡೆ ಅವರ ಮನೆ, ಈ ಕಡೆ ನಮ್ಮದು.

ನಮ್ಮಿಬ್ಬರ ಮನೆಗೂ ಎದುರಿಗೆ ಒಂದು ಶಾಲೆ. ನಾನು ಮನೆ ಕಟ್ಟಿಸುವಾಗ ಅಲ್ಲಿ ಬರೀ ಜಾಲಿಕಂಟಿ ಇತ್ತು. ಶಾಲೆ ಬಂದಾಗ ಮಕ್ಕಳ ಗದ್ದಲ ಕೇಳುತ್ತ ಕೂರಬಹುದು ಎಂದು ಖುಷಿಪಟ್ಟವನೂ ನಾನೇ. ಮಕ್ಕಳಿಂದ ಇವತ್ತಿನವರೆಗೆ ಒಂದು ತೊಂದರೆಯೂ ಆಗಿಲ್ಲ. ತೊಂದರೆಯೆಲ್ಲ ಅವರನ್ನು ಹೆತ್ತವರದು. ಶಾಲೆ ಬಿಡುವುದು ಮಧ್ಯಾಹ್ನ ಮೂರೂವರೆಗೆ. ಮೂರಕ್ಕೇ ಮೊದಲ ಕಾರು ಬರುತ್ತದೆ. ಇನ್ನು ಐದು ನಿಮಿಷ ಇದೆ ಎನ್ನುವಾಗ ನಮ್ಮ ಓಣಿಯಲ್ಲಿ ಒಂದು ನಾಯಿ ಈ ಕಡೆಯಿಂದ ಆ ಕಡೆಗೆ ದಾಟಲಾರದು. ಗೇಟಿಗೆ ಅಡ್ಡ ನಿಲ್ಲಿಸಿದವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ. "ಎರಡ ಮಿನಿಟ್ ರೀ." ಆ ಎರಡು ಮಿನಿಟು ಮುಗಿದದ್ದನ್ನು ನಾನು ಕಂಡವನಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜೊತೆಗೆ ವಕೀಲಿ. ಬೆಳಿಗ್ಗೆ ಕೋರ್ಟು, ಮಧ್ಯಾಹ್ನದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಆಫೀಸು. ಪಕ್ಷಗಾರರು ಬಂದರೆ ಗೇಟು ತೆಗೆಯಲು ಆಗುತ್ತಿರಲಿಲ್ಲ. ಶಾಲೆಗೆ ನೋಟೀಸು ಕೊಟ್ಟೆ. ರಸ್ತೆ ಶಾಲೆಯದಲ್ಲ ಎಂದು ಅಲ್ಲಿನ ಮುಖ್ಯಾಧ್ಯಾಪಕಿ ದೊಡ್ಡಬಾಯಿಯವರು ಬಹಳ ಮರ್ಯಾದೆಯಿಂದ ಉತ್ತರ ಬರೆದರು. ಗೇಟಿಗೆ ಬೋರ್ಡು ಬರೆಸಿ ತೂಗುಹಾಕಿದೆ. ಅದರ ಮೊಳೆಗೆ ಮಕ್ಕಳ ನೀರಿನ ಬಾಟಲಿ ಸಿಕ್ಕಿಸಲು ಶುರುಮಾಡಿದರು. ಕುಂಡಗಳನ್ನು ಸಾಲಾಗಿ ಇಟ್ಟೆ. ಪಾಪ, ಯಾರೂ ಒಡೆಯಲಿಲ್ಲ. ಜೋಪಾನವಾಗಿ ಎತ್ತಿ ಒಳಗಿಟ್ಟು ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿದರು. ನಾನು ಕಾಯಿದೆಯ ಸೆಕ್ಷನ್ ಹೇಳಿ ಕೂಗಾಡಿದರೆ ಕಾರಿನ ಗಾಜು ಮೇಲೇರುತ್ತಿತ್ತು, ಅಷ್ಟೇ.

ನನಗೆ ಇದು ಮರ್ಯಾದೆಯ ಪ್ರಶ್ನೆ. ಗೋಡೆಯ ಆ ಕಡೆ ಹಾಗಿರಲಿಲ್ಲ. ಕಾಕಾನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ನೆಹರು ನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಸರಿಯಾಗಿ ನಾಲ್ಕಕ್ಕೆ ಅವರ ಪಾಳಿ. ಶಾಲೆ ಬಿಡುವ ಹೊತ್ತೇ ಅವರು ಹೊರಡುವ ಹೊತ್ತು. ಮೊದಲೇ ಹೋಗಿ ಕೂರಬಹುದಲ್ಲ ಎಂದು ನಾನೂ ಕೇಳಿದ್ದೆ. ಬೆಂಚಿನ ಮೇಲೆ ಒಂದು ತಾಸು ಕಾಲು ಇಳಿಬಿಟ್ಟು ಕೂತರೆ ಕಾಲು ಬಾತುಕೊಂಡು ಚಪ್ಪಲಿ ಒಳಗೆ ಹೋಗುತ್ತಿರಲಿಲ್ಲ. ನಡೆಯಲು ಆಗುತ್ತಿದ್ದದ್ದು ಹತ್ತಿಪ್ಪತ್ತು ಹೆಜ್ಜೆ. ರಿಕ್ಷಾ ಗೇಟಿನ ಒಳಗೆ, ಮೆಟ್ಟಿಲವರೆಗೆ ಬರಲೇಬೇಕಿತ್ತು. ಯಾವ ಕಾರಿನವನಿಗೂ ಇದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಗಾಜು ಏರಿಸಿಕೊಂಡವರಿಗೆ ಸೆಕ್ಷನ್ ಬಿಟ್ಟು ಬೇರೇನನ್ನೂ ನಾನು ಹೇಳಿರಲಿಲ್ಲ.

ಕಾಕಾ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರ ಸರ್ವಿಸಿನ ಬಹುಪಾಲು ಖಾನಾಪುರ, ಜಾಂಬೋಟಿ, ಕಣಕುಂಬಿ ಹಾದಿಯಲ್ಲೇ ಹೋಗಿತ್ತು. ಕಾಕೂ ಅದೇ ಕಣಕುಂಬಿಯಲ್ಲಿ ಇಪ್ಪತ್ತೆಂಟು ವರ್ಷ ನರ್ಸಬಾಯಿ. ಸಂಸಾರ ಶುರುವಾದದ್ದು ಒಂದು ಸೀಟಿನ ತಂಟೆಯಿಂದ ಎಂದು ಕಾಕಾ ಹೇಳುತ್ತಿದ್ದರು. ಬಾಣಂತಿಯೊಬ್ಬಳಿಗೆ ಸೀಟು ಕೊಡಿಸಲು ಕಾಕೂ ಕಂಡಕ್ಟರ್ ಸೀಟಿನಲ್ಲಿದ್ದ ಇವರನ್ನೇ ಎಬ್ಬಿಸಿದ್ದರಂತೆ. "ಅವತ್ತಿನಿಂದ ನಿಂತಾವ ನಾನು, ಇನ್ನೂ ಕುಂತಿಲ್ಲ" ಎಂದು ಅವರು ನಗುತ್ತಿದ್ದರು. ಕಾಕೂ ಅಡುಗೆಮನೆಯಿಂದಲೇ "ಸುಳ್ಳ, ಹಗಲೆಲ್ಲಾ ಕುಂತ ಇರತಾರ" ಎನ್ನುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಒಬ್ಬ ಗುತ್ತಿಗೆದಾರರ ಮಗಳು ಆ ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಳು. ಅವರದು ಲಾರಿಯ ತಮ್ಮನಂಥ ಬಿಳಿ ಕಾರು. ಅದನ್ನು ಅವರು ಅರ್ಧ ಕಾಕೂನ ಗೇಟಿಗೆ, ಅರ್ಧ ನನ್ನ ಗೇಟಿಗೆ ಬರುವಂತೆ ನಿಲ್ಲಿಸಿ, ಶಾಲೆಯ ಮೂಲೆಯ ಅಂಗಡಿಗೆ ಹೋಗಿ ಚಹಾ ಕುಡಿಯುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಬೆಂಕಿಕಡ್ಡಿ ತಂದು ಹಿಂದಿನ ಚಕ್ರದ ಗಾಳಿ ಬಿಟ್ಟೆ. ಮೂವತ್ತು ವರ್ಷ ಕಾಯಿದೆ ಓದಿದ ಮನುಷ್ಯ ನಾನು! ಒಳಗೆ ಬಂದು ಫ್ಯಾನು ಹಾಕಿಕೊಂಡು ಸಮಾಧಾನದಿಂದ ಕೂತೆ.

ಅವತ್ತು ಬುಧವಾರ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ರಿಕ್ಷಾ ಓಣಿಯ ತುದಿಗೆ ಬಂದು ನಿಂತಿತು. ಗುತ್ತಿಗೆದಾರರು ಬಂದು ನೋಡಿದರೆ ಚಕ್ರ ನೆಲಕ್ಕೆ ಕೂತಿದೆ. ಯಾರನ್ನೋ ಬೈಯುತ್ತ ಸ್ಟೆಪ್ನಿ ಇಳಿಸತೊಡಗಿದರು. ಕಾಕೂ ಕಾಕಾನ ತೋಳಿನ ಕೆಳಗೆ ತಮ್ಮ ಹೆಗಲು ಕೊಟ್ಟು, ಗಾಡಿಗಳ ಸಂದಿಯಲ್ಲಿ ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಕಾಕಾ ಮೋರಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಅಲ್ಲಿಂದ ಏಳಲು ಕಾಲು ತಾಸು ಹಿಡಿಯಿತು. ಆಸ್ಪತ್ರೆ ಮುಟ್ಟಿದಾಗ ಅವರ ಮಶೀನಿನ ಮೇಲೆ ಬೇರೊಬ್ಬ ರೋಗಿ ಮಲಗಿದ್ದ. ಮರುದಿನ ಬೆಳಿಗ್ಗೆ ಬನ್ನಿ ಎಂದು ಹೇಳಿ ಕಳಿಸಿದರು. ಅಲ್ಲಿಯವರೆಗೆ ಕಾಕಾಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆನ್ನಿಗೆ ದಿಂಬು ಕೊಟ್ಟು ಅವರನ್ನು ಕೂರಿಸಿಕೊಂಡೇ ಕಾಕೂ ಹೊತ್ತು ಕಳೆದರು.

ಮರುದಿನ ಅವರು ಆಸ್ಪತ್ರೆಯಿಂದ ಬಂದ ಮೇಲೆ ನಾನು ಹೋದೆ. ಹೇಗೆ ಶುರುಮಾಡಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ. ಕಾಕೂ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಗೊತ್ತೈತಿ ಬರ್ರಿ, ಕುಂದರ್ರಿ. ನಾ ಕಿಡಕ್ಯಾಗಿಂದ ನೋಡೇನಿ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಅಲ್ರಿ ವಕೀಲ್ರ, ಗಾಳಿ ತಗದ್ರ ಗಾಡಿ ಹೋಗತೈತೇನು? ಇನ್ನಷ್ಟ ಗಟ್ಟಿ ಕುಂದರತೈತಿ."

ಅಷ್ಟೇ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾರನೆಯ ದಿನ ಶುಕ್ರವಾರ. ಬಿಳಿ ಕಾರು ಅದೇ ಜಾಗದಲ್ಲಿ ಬಂದು ನಿಂತಿತು. ಹಟಕ್ಕೇ ಬಿದ್ದವರಂತೆ ಈ ಸಲ ಗುತ್ತಿಗೆದಾರರು ಕಾರು ಬಿಟ್ಟು ಕದಲಲಿಲ್ಲ. ನಾನು ನನ್ನ ಕೋಣೆಯ ಕಿಟಕಿಯಲ್ಲಿ ನಿಂತು, ಬಾಯಿ ಬಿಗಿಹಿಡಿದು ನೋಡುತ್ತಿದ್ದೆ. ಕಾಕೂ ಒಂದು ತಂಬಿಗೆ ನೀರು, ಒಂದು ತಟ್ಟೆಯಲ್ಲಿ ಬೆಲ್ಲದ ತುಣುಕು ಹಿಡಿದುಕೊಂಡು ಗೇಟಿಗೆ ಬಂದರು. ಇವರು ಜಗಳಕ್ಕೆ ಬಂದರೆಂದು ತಿಳಿದು ಆ ಮನುಷ್ಯ ಮೊದಲೇ ಹೇಳಿದರು: "ಎರಡ ಮಿನಿಟ್ ರೀ ಬಾಯಾರ, ಹುಡುಗಿ ಬಂದ ಕೂಡ್ಲೆ ತಗೀತೇನಿ."

"ಎರಡ ಮಿನಿಟ್ ಬಾಳ ಆತು. ಒಳಗ ಬರ್ರಿ. ಬಾಗಲಕ್ಕ ಬಂದವರು ಹೊರಗ ನಿಂತ ಹೋಗಬಾರ್ದು."

"ಇಲ್ಲ, ನಾ ನಿಮ್ಮನಿಗೆ ಬಂದಾವಲ್ರಿ."

"ನಮ್ಮ ಬಾಗಲದಾಗ ಗಾಡಿ ಹಚ್ಚೀರಿ, ಮತ್ತ್ಯಾರ ಮನಿಗೆ ಬಂದೀರಿ? ಬರ್ರಿ ಬರ್ರಿ."

ನಮ್ಮ ಕಡೆಯ ಗಂಡಸು ಎಷ್ಟೇ ಗರ್ವಿಷ್ಠನಾಗಲಿ, ನೀರು ಬೆಲ್ಲ ಹಿಡಿದು ಹಿರಿಯ ಹೆಂಗಸು ಒಳಗೆ ಕರೆದರೆ ಒಲ್ಲೆ ಎನ್ನುವ ಎದೆ ಅವನಿಗಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ನಾಚಿಕೆ ಬಿಟ್ಟು ಕಂಪೌಂಡ್ ಗೋಡೆಯ ಹತ್ತಿರ ಹೋಗಿ ನಿಂತೆ. ಅವರ ಪಡಸಾಲೆಯ ಬಾಗಿಲು ತೆರೆದೇ ಇರುತ್ತಿತ್ತು.

ಕಾಕಾ ಆಗಲೇ ತಯಾರಾಗಿ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಆಸ್ಪತ್ರೆಯ ಫೈಲು. ಬಸ್ಸು ಹೊರಡಲು ಕಾಲು ತಾಸು ಮೊದಲೇ ತಯಾರಿರುವುದು ಅವರ ಜೀವಮಾನದ ರೂಢಿ. ಕೈಮೇಲೆ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ ಕಾಣುತ್ತಿತ್ತು. ಗುತ್ತಿಗೆದಾರರ ಕಣ್ಣು ಅಲ್ಲಿಗೇ ಹೋಯಿತು.

"ಇವರು ನಮ್ಮ ಯಜಮಾನ್ರು. ನಾಕಕ್ಕ ನೆಹರು ನಗರದಾಗ ದವಾಖಾನಿ ಐತಿ. ರಿಕ್ಷಾದಾಂವ ಓಣಿ ತುದೀಗೆ ನಿಂತಾನ, ಒಳಗ ಬರಾಕ ಹಾದಿ ಇಲ್ಲ" ಎಂದರು ಕಾಕೂ.

"ಅಯ್ಯ, ತಗೀತೇನ್ರಿ, ಈಗ ತಗೀತೇನಿ."

"ತಗದು ಎಲ್ಲಿ ಹಚ್ಚತೀರಿ? ಸಾಲಿ ಬಿಡೂದರಾಗ ಹೊರಗ ಹೋಗೂ ಗಾಡಿಗೆ ಹಾದಿ ಸಿಗತೈತಿ, ಒಳಗ ಬರೂ ರಿಕ್ಷಾಕ್ಕ ಸಿಗೂದಿಲ್ಲ. ನೀವಾ ಇವರನ್ನ ಒಯ್ಯಬೇಕಾಗತೈತಿ ನೋಡ್ರಿ. ಅಡ್ಡ ನಿಂತವರ ಒಯ್ಯಬೇಕು."

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಊಟವಾದ ಮೇಲೆ ಈ ಗುಳಿಗೆ ತಗೊಳ್ಳಿ ಎಂದು ಹೇಳುವ ಧ್ವನಿ. ಅಷ್ಟರಲ್ಲಿ ಗುತ್ತಿಗೆದಾರರ ಮಗಳು ಪಾಟೀಚೀಲ ಹೊತ್ತುಕೊಂಡು ಬಂದಳು. ಕಾಕೂ ಅವಳ ಕೈಗೂ ಬೆಲ್ಲ ಕೊಟ್ಟು, ಅವಳ ಜೊತೆ ಹಿಂದೆ ಹತ್ತಿದರು. ಗುತ್ತಿಗೆದಾರರು ಕಾಕಾನನ್ನು ಎತ್ತಿಕೊಂಡೇ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಾಕಾ ಫೈಲು ಸರಿಮಾಡಿಕೊಂಡು, ಗಾಜಿನಿಂದ ಹೊರಗೆ ಒಮ್ಮೆ ಹಿಂದೆ ಮುಂದೆ ನೋಡಿ, "ರೈಟ್" ಎಂದರು. ಕಾರು ಹೊರಟಿತು. ಈ ಗಾಡಿಗಳ ಮೇಲೆ ದಾವೆ ಹಾಕಲು ನಾನು ಅರ್ಧ ಟೈಪು ಮಾಡಿದ ಅಫಿಡವಿಟ್ಟು ಟೇಬಲ್ಲಿನ ಮೇಲೆ ಹಾಗೇ ಬಿದ್ದಿತ್ತು.

ಇದನ್ನು ಎಲ್ಲಿ ಕಲಿತಿರಿ ಎಂದು ಆಮೇಲೆ ಕೇಳಿದೆ. "ಕಲಿಯೂದೇನೈತಿ" ಎಂದು ಕಣಕುಂಬಿಯ ಒಂದು ಸಂಗತಿ ಹೇಳಿದರು. ಹೆರಿಗೆ ಕಷ್ಟವಾದ ಒಬ್ಬ ಹೆಂಗಸನ್ನು ಜೀಪಿನಲ್ಲಿ ಖಾನಾಪುರಕ್ಕೆ ಸಾಗಿಸುತ್ತಿದ್ದರಂತೆ. ಮಳೆಗಾಲ. ಜಾಂಬೋಟಿಯ ಈಚೆಗೆ ಸಣ್ಣ ಸೇತುವೆಯ ಮೇಲೆ ಒಂದು ಟ್ರಕ್ಕು ಅಡ್ಡ ನಿಂತಿದೆ. ಚಾಲಕ ಆ ಬದಿ ಭಜಿ ತಿನ್ನುತ್ತಿದ್ದಾನೆ. ಟ್ರಕ್ಕಿನ ಮೂತಿ ಖಾನಾಪುರದ ಕಡೆಗೇ ಇದೆ, ಆದರೆ ಅದಕ್ಕೂ ಜೀಪಿಗೂ ನಡುವೆ ಮತ್ತೆರಡು ಟ್ರಕ್ಕು ಸಿಕ್ಕಿಕೊಂಡಿವೆ. ಜೀಪಿನವನು, ಹೆಂಗಸಿನ ಗಂಡ ಇಬ್ಬರೂ ಚಾಲಕನ ಕೊರಳಪಟ್ಟಿ ಹಿಡಿದರಂತೆ.

"ಅವರು ಹೊಡದಾಡ್ಲಿ ಅಂತ ಬಿಟ್ಟು ನಾ ಆಕಿನ್ನ ಟ್ರಕ್ಕಿನ ಮುಂದಿನ ಸೀಟಿಗೆ ಹತ್ತಿಸಿದೆ. ಟ್ರಕ್ಕಿನ ಮುಂದ ಹಾದಿ ಖುಲ್ಲಾ ಇತ್ತಲ್ರಿ. ಬಾಪ್ಪ, ನೀ ಅಡ್ಡ ನಿಂತಿ, ಈಗ ನೀನ ಒಯ್ಯಿ ಅಂದೆ. ಹೆಂಗ ಹೊಡದ ಅಂತೀರಿ ಗಾಡಿ! ಖಾನಾಪುರಕ್ಕ ಹೋಗಿ ಆಕಿ ಹಡದಮ್ಯಾಲೆ ಕೂಸಿನ ಮಾರಿ ನೋಡೇ ಹೋದ. ಮನಶ್ಯಾ ಕೆಟ್ಟವಲ್ರಿ. ಅವಂಗ ಹಿಂದ ಏನೈತಂತ ಗೊತ್ತಿರೂದಿಲ್ಲ, ಅಷ್ಟ."

"ಮತ್ತ ಗೊತ್ತಿದ್ದೂ ಹಚ್ಚಿದ್ರ?" ಎಂದು ನಾನು ವಕೀಲನ ಹಾಗೆ ಪಾಟೀಸವಾಲು ಹಾಕಿದೆ.

"ಅವನೂ ಒಯ್ಯತಾನ" ಎಂದರು.

ಮುಂದಿನ ಒಂದು ತಿಂಗಳು ನಮ್ಮ ಓಣಿಯಲ್ಲಿ ದೊಡ್ಡ ತಮಾಷೆ. ಯಾರ ಕಾರು ಗೇಟಿಗೆ ಅಡ್ಡ ನಿಂತಿರುತ್ತದೋ ಅವರ ಕಾರಿನಲ್ಲಿ ಕಾಕಾನ ಸವಾರಿ. ಬ್ಯಾಂಕಿನ ಮ್ಯಾನೇಜರರು ಒಯ್ದರು, ಬಟ್ಟೆ ಅಂಗಡಿಯವರು ಒಯ್ದರು. ಬರೀ ಮರಾಠಿ ಮಾತಾಡುವ ಒಬ್ಬ ಹೆಣ್ಣುಮಗಳು ಒಯ್ದಾಗ ಹೋಗುವ ದಾರಿಯುದ್ದಕ್ಕೂ ಕಾಕಾ ಮರಾಠಿಯಲ್ಲಿ ಹಳೆಯ ಬಸ್ ನಿಲ್ದಾಣಗಳ ಹೆಸರು ಹೇಳಿ ನಗಿಸಿದರಂತೆ. ಸ್ಕೂಟರ್ ನಿಲ್ಲಿಸಿದವರನ್ನು ಕಾಕೂ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇದರಾಗ ಕುಂದರಾಕ ಆಗೂದಿಲ್ಲ, ನೀವು ಹೋಗ್ರಿ" ಎಂದು ಬಿಡುತ್ತಿದ್ದರು. ಒಂದಿಬ್ಬರು ಅವರ ತಂಬಿಗೆ ಕಂಡ ಕೂಡಲೇ ಗಾಡಿ ಚಾಲೂ ಮಾಡಿ ಓಡಿದ್ದೂ ಉಂಟು. ಒಂದು ತಿಂಗಳಾದ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಆ ಗೇಟಿನ ಮುಂದೆ ಒಂದು ಸೈಕಲ್ಲೂ ನಿಲ್ಲದಾಯಿತು. ರಿಕ್ಷಾ ಮೊದಲಿನ ಹಾಗೆ ಮೆಟ್ಟಿಲವರೆಗೆ ಬರತೊಡಗಿತು. ಅಲ್ಲಿ ನಿಲ್ಲುತ್ತಿದ್ದ ಗಾಡಿಗಳೆಲ್ಲ ನನ್ನ ಗೇಟಿಗೆ ಬಂದು ನಿಂತವು, ಅದು ಬೇರೆ ಮಾತು.

ಇಷ್ಟು ಬರೆದರೆ ಕಾಕೂ ದೇವರಂಥ ಹೆಂಗಸು ಎನಿಸಬಹುದು. ಹಾಗೇನಿಲ್ಲ. ಅವರಿಗೆ ಅಧಿಕಪ್ರಸಂಗ ಬಹಳ. ಗೇಟಿಗೆ ಬಂದ ತಾಯಂದಿರ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ "ಮೈಯಾಗ ರಕ್ತ ಇಲ್ಲ ನಿಮಗ" ಎನ್ನುತ್ತಿದ್ದರು. ನನ್ನ ಹೊಟ್ಟೆಯ ಬಗ್ಗೆ ನನ್ನ ಪಕ್ಷಗಾರರ ಎದುರಿಗೇ ಮಾತಾಡುತ್ತಿದ್ದರು. ಕಾಕಾಗೆ ನೀರು ಲೆಕ್ಕದಲ್ಲಿ ಕೊಡಬೇಕಿತ್ತು, ಅದಕ್ಕೊಂದು ಪುಟ್ಟ ಸ್ಟೀಲ್ ಲೋಟ. ಆ ಲೋಟದ ವಿಷಯದಲ್ಲಿ ಅವರಷ್ಟು ಕಠೋರರನ್ನು ನಾನು ಕೋರ್ಟಿನಲ್ಲೂ ಕಂಡಿಲ್ಲ. ಒಂದು ಸಲ ಕಾಕಾ ಗೋಡೆ ಹಿಡಿದು ಮೆಲ್ಲಗೆ ನನ್ನ ಆಫೀಸಿಗೆ ಬಂದು, "ವಕೀಲ್ರ, ಅರ್ಧಾ ಕಪ್ ಚಹಾ ಹಾಕಸ್ರಿ, ಆಕಿಗೆ ಹೇಳಬ್ಯಾಡ್ರಿ" ಎಂದರು. ಅವರ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಅದು ಕಾಕೂಗೆ ಹೇಗೆ ತಿಳಿಯಿತೋ, ಗೋಡೆಯ ಮೇಲಿಂದ ನನ್ನನ್ನು ತರಾಟೆಗೆ ತೆಗೆದುಕೊಂಡರು. ಚಕ್ರದ ಗಾಳಿ ಬಿಟ್ಟಾಗ ಬಾರದ ಬೈಗುಳ ಅವತ್ತು ಬಂತು. ಬೈದು ಮುಗಿಸಿ, "ರುಚಿ ಹಚ್ಚಿ ಕುಡದ್ರೇನ್ರಿ ಅವರು?" ಎಂದು ಕೇಳಿದರು. ಹೌದು ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಗುತ್ತಿಗೆದಾರರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಲ್ಲರೂ ಆ ಗೇಟು ಬಿಟ್ಟ ಮೇಲೂ ಅವರು ಮಾತ್ರ ತಿಂಗಳಿಗೊಂದೆರಡು ಸಲ ಬೇಕೆಂತಲೇ ಬಂದು ಅಲ್ಲಿ ನಿಲ್ಲಿಸಿ, "ಕಾಕೂ, ಇವತ್ತ ಅಡ್ಡ ಹಚ್ಚೇನ್ರಿ" ಎಂದು ಕೂಗುತ್ತಿದ್ದರು. ಕಾಕಾಗೆ ಅವರ ಕಾರೆಂದರೆ ಬಹಳ ಇಷ್ಟ. ಸೀಟು ರಾಜಹಂಸ ಬಸ್ಸಿಗಿಂತ ಮೆತ್ತಗಿದೆ ಎನ್ನುತ್ತಿದ್ದರು. ಆ ಮನುಷ್ಯನ ಅಪ್ಪ ಅವರು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಅವರು ಈ ಮಾತನ್ನು ನನಗೆ ಹೇಳಿದ್ದಲ್ಲ, ಕಾಕಾನ ಮುಂದೆ ಹೇಳಿದ್ದು.

ಎರಡು ಮಳೆಗಾಲ ಹೀಗೇ ಕಳೆದವು. ದೀಪಾವಳಿ ಸೂಟಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಕಾಕಾ ಮನೆಯಲ್ಲೇ ಹೋದರು. ಹಿಂದಿನ ದಿನ ಆಸ್ಪತ್ರೆಯ ಪಾಳಿಯೂ ಇರಲಿಲ್ಲ, ತ್ರಾಸೂ ಇರಲಿಲ್ಲ. ಸೂಟಿಯಾದ್ದರಿಂದ ಓಣಿ ಖಾಲಿ ಇತ್ತು. ಅವರನ್ನು ಒಯ್ಯುವಾಗ ಒಂದು ಗಾಡಿಯೂ ಅಡ್ಡ ಇರಲಿಲ್ಲ. ಕಾಕೂ ಅವತ್ತು ಹೆಚ್ಚು ಅಳಲಿಲ್ಲ. ಮಗಳು ಖಾನಾಪುರದಿಂದ ಬಂದು ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗುವುದೆಂದು ನಿರ್ಧಾರವಾಯಿತು. ದಿನಕರ್ಮ ಮುಗಿಸಿ, ಸಾಮಾನು ಕಟ್ಟುವಷ್ಟರಲ್ಲಿ ಶಾಲೆ ಶುರುವಾಯಿತು.

ಶಾಲೆ ಶುರುವಾದ ಮೊದಲ ಬುಧವಾರ. ಮೂರೂವರೆಗೆ ನಾನು ಗೇಟಿನಲ್ಲಿ ನಿಂತಿದ್ದೆ. ಓಣಿ ಯಥಾಪ್ರಕಾರ ತುಂಬಿತ್ತು, ನನ್ನ ಗೇಟಿಗೆ ಎರಡು ಕಾರು ಆತುಕೊಂಡಿದ್ದವು. ಕಾಕೂನ ಗೇಟಿನ ಮುಂದೆ ಮಾತ್ರ ಒಂದೂವರೆ ಕಾರಿನಷ್ಟು ಜಾಗ ಖಾಲಿ. ತಂದೆತಾಯಿಗಳಿಗೆ ಸುದ್ದಿಯೇ ಗೊತ್ತಿಲ್ಲ. ವಾರ ನೋಡಿ ಜಾಗ ಬಿಟ್ಟಿದ್ದಾರೆ.

ಕಾಕೂ ಹೊರಗೆ ಬಂದರು. ಅದೇ ಹೊತ್ತಿಗೆ ಗುತ್ತಿಗೆದಾರರ ಬಿಳಿ ಕಾರು ಓಣಿಗೆ ಬಂತು. ನಿಲ್ಲಿಸಲು ಎಲ್ಲೂ ಎಡೆಯಿಲ್ಲದೆ ನಡುರಸ್ತೆಯಲ್ಲಿ ನಿಂತಿತು. ಆ ಖಾಲಿ ಜಾಗ ಅವರ ಪಕ್ಕದಲ್ಲೇ ಇತ್ತು. ಕಾಕೂ ಕೈ ಮಾಡಿದರು.

"ಬರ್ರಿ, ಇಲ್ಲೆ ಹಚ್ಚರಿ."

ಅವರು ಗಾಜಿನಿಂದ ತಲೆ ಹೊರಗೆ ಹಾಕಿದರು. "ಬ್ಯಾಡ್ರಿ ಕಾಕೂ, ಇವತ್ತ ಬುಧವಾರ. ಕಾಕಾಂದು ದವಾಖಾನಿ ಐತೆಲಾ. ನಾನ ಒಯ್ಯಲೇನು?"

ಕಾಕೂ ಗೇಟಿನ ಸರಳು ಹಿಡಿದುಕೊಂಡರು.

"ಇಲ್ಲಪ್ಪ. ಸೂಟಿಯಾಗ ಹೋದ್ರು ಅವರು. ಇನ್ನ ರಿಕ್ಷಾ ಬರೂದಿಲ್ಲ. ನೀವು ಹಚ್ಚರಿ."

ಆ ಮನುಷ್ಯ ಇಂಜಿನ್ನು ಅಲ್ಲೇ ಬಂದ್ ಮಾಡಿದರು. ಬಾಗಿಲು ತೆರೆದುಬಿಟ್ಟು ನಡುರಸ್ತೆಯಲ್ಲೇ ಇಳಿದು ಬಂದು, ಕಾಕೂನ ಎರಡೂ ಕೈ ಹಿಡಿದುಕೊಂಡು, ಸಣ್ಣ ಹುಡುಗರ ಹಾಗೆ ಬಿಕ್ಕಿ ಅತ್ತರು. ಹಿಂದೆ ಎಂಟು ಹತ್ತು ಗಾಡಿ ನಿಂತವು. ಹಾರ್ನಿನ ಮೇಲೆ ಹಾರ್ನು. ನನ್ನ ಕಣ್ಣಿಂದಲೂ ನೀರು ಬರುತ್ತಿತ್ತು, ಅದನ್ನು ಮುಚ್ಚಿಕೊಳ್ಳಬೇಕು ಎಂದೂ ಅನಿಸಲಿಲ್ಲ.

ಕಾಕೂ ಅವರನ್ನು ಸ್ವಲ್ಪ ಅಳಲು ಬಿಟ್ಟರು. ಸೆರಗಿನಿಂದ ಅವರ ಮುಖ ಒರೆಸಿದರು. ಆಮೇಲೆ ಅವರ ಭುಜದ ಮೇಲಿಂದ ಕತ್ತು ಚಾಚಿ, ಹಿಂದೆ ನಿಂತ ಗಾಡಿಗಳ ಸಾಲನ್ನು ಒಮ್ಮೆ ನೋಡಿದರು.

"ಸಾಕ ಬಿಡ್ರಿ ಇನ್ನ. ಮೊದಲ ಗಾಡಿ ಬಾಜೂಕ ತಗೀರಿ. ಹಿಂದ ಯಾರ ಮನ್ಯಾಗ ಯಾರಿಗೆ ಏನಾಗೇತೋ."

ಗುತ್ತಿಗೆದಾರರು ಕಾರು ಹತ್ತಿದರು. ಕಾಕೂ ರಸ್ತೆಗೆ ಇಳಿದು, ಕೈ ಬೀಸುತ್ತ, ಹಿಂದೆ, ಇನ್ನೂ ಹಿಂದೆ ಎಂದು ಹೇಳುತ್ತ, ಆ ಕಾರನ್ನು ತಮ್ಮ ಗೇಟಿಗೆ ಪೂರ್ತಿ ಅಡ್ಡವಾಗಿ ನಿಲ್ಲಿಸಿಕೊಂಡರು.